'ರೋಗವಿಲ್ಲ' ಎಂಬ ಚೀಟಿಯನ್ನು ಓದುವ ಬಗೆ



ಈಚೆಗೆ ಕಾರ್ಯನಿಮಿತ್ತವಾಗಿ ಮುನಿರಾಬಾದಿಗೆ ಹೋಗಿದ್ದ ನಾವು, ಅಲ್ಲಿ ಬಹುಕಾಲದಿಂದ ಪರಿಚಿತವಾದ ಒಂದು ಮನೆಗೆ ಹೋಗಿ ಬಂದೆವು. ತುಂಗಭದ್ರಾ ಜಲಾಶಯದ ಕೆಲಸದ ಕಾಲದಿಂದಲೂ ಆ ಊರಿನಲ್ಲಿ ನೆಲೆನಿಂತಿರುವ ಸದ್ಗೃಹಸ್ಥರ ಮನೆ ಅದು. ಪಡಸಾಲೆಯ ಗೋಡೆಯ ಮೇಲೆ, ವಿಭೂತಿ ಧರಿಸಿದ ಹಿರಿಯರೊಬ್ಬರ ಭಾವಚಿತ್ರವಿತ್ತು. ಮನೆಮಂದಿಯೆಲ್ಲ 'ಮುತ್ಯಾ' ಎಂದು ಕರೆಯುತ್ತಿದ್ದ ಆ ಹಿರಿಯರು 2021ರ ಮೇ ತಿಂಗಳಿನಲ್ಲಿ, ಕೋವಿಡ್ ರೋಗದ ಎರಡನೆಯ ಅಲೆಯಲ್ಲಿ, ಲಿಂಗೈಕ್ಯರಾದರು.

ಅವರ ಹಿರಿಯ ಮಗ ಅಂದು ನಮ್ಮ ಮುಂದೆ ಒಂದು ಚೀಟಿಯನ್ನು ತಂದಿಟ್ಟರು. ವರ್ಷಗಳು ಕಳೆದರೂ ಅದನ್ನು ಅವರು ಮನೆಯ ಕಾಗದಪತ್ರಗಳೊಡನೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಅವರದೇ ಹೆಸರು, ಒಂದು ದಿನಾಂಕ, 'ನೆಗೆಟಿವ್' ಎಂಬ ಒಂದು ಶಬ್ದ. ಹೊಸಪೇಟೆಯಲ್ಲಿ ಅವರೊಡನೆ ದುಡಿಯುತ್ತಿದ್ದ ಇಬ್ಬರಿಗೆ ಆ ವಾರ ಸೋಂಕು ತಗುಲಿತ್ತು. ಇವರಿಗೂ ಜ್ವರ ಬಂದಿತು. ಜ್ವರ ಬಂದ ದಿನವೇ ಹೋಗಿ ಪರೀಕ್ಷೆ ಮಾಡಿಸಿದರು. ಅರ್ಧ ಗಂಟೆಯಲ್ಲಿ ಚೀಟಿ ಕೈಗೆ ಬಂದಿತು. ಮರುದಿನ ತಂಗಿಯ ನಿಶ್ಚಯ ಕಾರ್ಯ. ಚೀಟಿ ಇದೆಯೆಂಬ ಧೈರ್ಯದಿಂದ ಎಲ್ಲರೊಡನೆ ಕುಳಿತರು, ಉಂಡರು, ತಂದೆಯ ಪಕ್ಕದಲ್ಲಿಯೇ ಮಲಗಿದರು. ನಾಲ್ಕೈದು ದಿನಗಳಲ್ಲಿ ಮುತ್ಯಾ ಹಾಸಿಗೆ ಹಿಡಿದರು. ಆಗ ಮಾಡಿಸಿದ ಬೇರೊಂದು ಪರೀಕ್ಷೆಯಲ್ಲಿ ತಂದೆ ಮಗ ಇಬ್ಬರಿಗೂ ಸೋಂಕು ಇರುವುದು ಕಂಡುಬಂದಿತು.

"ಟೆಸ್ಟ್ ಮಾಡ್ಸಿದ್ವಿರಿ. ಚೀಟಿಯೊಳಗ ನೆಗೆಟಿವ್ ಅಂತ ಬರದಿತ್ತ್ರಿ. ನಾವೇನ್ ತಪ್ಪು ಮಾಡಿದ್ವಿ, ನೀವs ಹೇಳ್ರಿ" ಎಂದು ಅವರು ಕೇಳಿದರು.

ಈ ಪ್ರಶ್ನೆಗೆ ಆ ಹೊತ್ತಿನಲ್ಲಿ ನಾವು ಕೊಟ್ಟ ಸಮಾಧಾನ ನಮಗೇ ಸಾಕೆನಿಸಲಿಲ್ಲ. ಆದುದರಿಂದ ಈ ತಿಂಗಳ ಅಂಕಣವನ್ನು ಆ ಪ್ರಶ್ನೆಗೇ ಮೀಸಲಿಡುತ್ತಿದ್ದೇವೆ. ಚೀಟಿ ಕೊಟ್ಟ ಕೇಂದ್ರ ಯಾವುದು ಎಂಬುದು ಇಲ್ಲಿ ಬೇಡ. ನಮಗೆ ಬೇಕಾದುದು, ಉಸಿರಾಟದ ವೈರಾಣುವನ್ನು ಪತ್ತೆ ಹಚ್ಚುವ ಪರೀಕ್ಷೆಗಳು ಎಷ್ಟು ಬಗೆಯವು, ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರವೇನು, ಅವು ಕೊಡುವ ಉತ್ತರವನ್ನು ಗೃಹಸ್ಥರಾದ ನಾವು ಹೇಗೆ ಓದಬೇಕು ಎಂಬ ತಿಳಿವಳಿಕೆ.

ಉತ್ತರ ತಡವಾದ ದಿನಗಳು

ನಮ್ಮ ದೇಶದ ಮೊದಲ ಕೋವಿಡ್ ಸೋಂಕು 2020ರ ಜನವರಿ 30ರಂದು ಕೇರಳದಲ್ಲಿ ದೃಢಪಟ್ಟಿತು. ಅಂದು ಆ ಪರೀಕ್ಷೆ ನಡೆದದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ. 1952ರಲ್ಲಿ ಆರಂಭವಾದ ಈ ಸಂಸ್ಥೆ ಕನ್ನಡಿಗರಿಗೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ, ಆ ಕಾಯಿಲೆಯ ವೈರಾಣುವನ್ನು ಗುರುತಿಸಿದವರೂ ಅಲ್ಲಿನ ವಿಜ್ಞಾನಿಗಳೇ.

ಭಾರತದಲ್ಲಿ ಕೋವಿಡ್‌ಗೆ ಮೊದಲ ಬಲಿಯಾದುದು ನಮ್ಮ ಕಲ್ಯಾಣ ಕರ್ನಾಟಕದ ಕಲಬುರಗಿಯಲ್ಲಿ. 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಇದ್ದುದು ಕೋವಿಡ್ ಎಂದು ದೃಢಪಟ್ಟದ್ದು ಮಾರ್ಚ್ 12ರಂದು. ರೋಗಿ ಹೋದ ಮೇಲೆ ರೋಗದ ಹೆಸರು ತಿಳಿಯಿತು. ಉತ್ತರ ಸರಿಯಾಗಿದ್ದರೆ ಮಾತ್ರ ಸಾಲದು, ಅದು ಸಕಾಲದಲ್ಲಿಯೂ ಬರಬೇಕು ಎಂಬ ಪಾಠವನ್ನು ಈ ಘಟನೆ ಕಲಿಸಿತು. ಮುನಿರಾಬಾದಿನ ಮನೆಯ ಚೀಟಿ ಕಲಿಸುವುದು ಇದರ ಎದುರು ಪಾಠ. ಅಲ್ಲಿ ಉತ್ತರ ಸಕಾಲದಲ್ಲಿ ಬಂದಿತು, ಆದರೆ ಸರಿಯಾಗಿರಲಿಲ್ಲ. ಈ ಎರಡು ಪಾಠಗಳ ನಡುವೆಯೇ ಪರೀಕ್ಷೆಗಳ ತಾರತಮ್ಯವೆಲ್ಲ ಅಡಗಿದೆ.

ಆರ್‌ಟಿ-ಪಿಸಿಆರ್ ಎಂದರೇನು?

ವೈರಾಣು ಎಂಬುದು ಕಣ್ಣಿಗೆ ಕಾಣದ ಒಂದು ಕಣ. ಹೊರಗೆ ಪ್ರೋಟೀನಿನ ಹೊದಿಕೆ, ಒಳಗೆ ಅದರ ವಂಶಲಿಪಿ. ಕೊರೊನಾ ವೈರಾಣುವಿನ ವಂಶಲಿಪಿ ಆರ್‌ಎನ್‌ಎ ಎಂಬ ವಸ್ತುವಿನಲ್ಲಿದೆ. ಪರೀಕ್ಷೆ ಎಂದರೆ ಈ ಎರಡರಲ್ಲಿ ಒಂದನ್ನು ಹುಡುಕುವುದು. ಒಳಗಿನ ಲಿಪಿಯನ್ನು ಹುಡುಕುವುದು ಆರ್‌ಟಿ-ಪಿಸಿಆರ್. ಹೊದಿಕೆಯ ಪ್ರೋಟೀನನ್ನೋ ಲಿಪಿಗೆ ಅಂಟಿಕೊಂಡ ಪ್ರೋಟೀನನ್ನೋ ಹುಡುಕುವುದು ಆ್ಯಂಟಿಜೆನ್ ಪರೀಕ್ಷೆ.

ಮೂಗಿನಿಂದ ಅಥವಾ ಗಂಟಲಿನಿಂದ ಕಡ್ಡಿಯಲ್ಲಿ ತೆಗೆದ ದ್ರವದಲ್ಲಿ ವೈರಾಣುವಿನ ಲಿಪಿ ಅತ್ಯಲ್ಪ ಪ್ರಮಾಣದಲ್ಲಿ ಇರಬಹುದು. ಆರ್‌ಟಿ-ಪಿಸಿಆರ್ ವಿಧಾನದಲ್ಲಿ ಆ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಯಾಗಿ ಬದಲಿಸುತ್ತಾರೆ. ಈ ಕೆಲಸ ಮಾಡುವ ಕಿಣ್ವವನ್ನು 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಕಂಡುಹಿಡಿದರು. ಅನಂತರ ಆ ಡಿಎನ್‌ಎಯನ್ನು ಸುತ್ತು ಸುತ್ತಾಗಿ ಇಮ್ಮಡಿಗೊಳಿಸುತ್ತಾರೆ. ಈ ಉಪಾಯ 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬವರಿಗೆ ಹೊಳೆಯಿತು, 1993ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಮ್ಮಡಿಯ ಲೆಕ್ಕ ಎಷ್ಟು ಬೇಗ ಬೆಳೆಯುತ್ತದೆಂಬುದನ್ನು ಮಕ್ಕಳಿಗೆ ಹೇಳಿ ಮಾಡಿಸಿ ನೋಡಿರಿ. ಒಂದು ಎರಡಾಗಿ, ಎರಡು ನಾಲ್ಕಾಗಿ, 10 ಸುತ್ತುಗಳಿಗೆ 1,024 ಆಗುತ್ತದೆ. 20 ಸುತ್ತುಗಳಿಗೆ 10 ಲಕ್ಷ ಮೀರುತ್ತದೆ. 30 ಸುತ್ತುಗಳಿಗೆ 100 ಕೋಟಿ ದಾಟುತ್ತದೆ. ಹೀಗೆ ಬೆಳೆಸಿ ಬೆಳೆಸಿ, ಯಂತ್ರದ ಕಣ್ಣಿಗೆ ಅದು ಬೆಳಕಾಗಿ ಗೋಚರಿಸುವ ಸುತ್ತು ಯಾವುದೆಂದು ಬರೆದುಕೊಳ್ಳುತ್ತಾರೆ. ವರದಿಯಲ್ಲಿ ಕಾಣುವ 'ಸಿಟಿ ಮೌಲ್ಯ' ಎಂದರೆ ಇದೇ. 18ನೆಯ ಸುತ್ತಿಗೇ ಕಂಡರೆ ಮಾದರಿಯಲ್ಲಿ ವೈರಾಣು ಬಹಳವಿತ್ತೆಂದೂ, 33ನೆಯ ಸುತ್ತಿಗೆ ಕಂಡರೆ ಅಲ್ಪವಿತ್ತೆಂದೂ ಅರ್ಥ. ನಮ್ಮ ದೇಶದಲ್ಲಿ ಕೋವಿಡ್‌ಗೆ 35ರ ಒಳಗಿನ ಮೌಲ್ಯವನ್ನು ಸೋಂಕೆಂದು ಪರಿಗಣಿಸುವಂತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೂಚಿಸಿತ್ತು.

ಇಷ್ಟು ಸೂಕ್ಷ್ಮವಾದ ಪರೀಕ್ಷೆಗೂ ಮಿತಿಗಳುಂಟು. ಕಡ್ಡಿಯನ್ನು ಸರಿಯಾದ ಜಾಗಕ್ಕೆ ತಾಗಿಸದಿದ್ದರೆ, ಮಾದರಿಯನ್ನು ತಂಪಿನಲ್ಲಿ ಸಾಗಿಸದಿದ್ದರೆ, ಸೋಂಕು ತಗುಲಿದ ಒಂದೆರಡು ದಿನಗಳಲ್ಲೇ ಪರೀಕ್ಷೆ ಮಾಡಿಸಿದರೆ, ಇದೂ ತಪ್ಪು ಹೇಳಬಲ್ಲದು. ಇನ್ನೊಂದು ತೊಡಕೆಂದರೆ ಇದು ಜೀವಂತ ವೈರಾಣುವಿಗೂ ಅದರ ಅಳಿದುಳಿದ ಚೂರುಗಳಿಗೂ ಭೇದ ಮಾಡುವುದಿಲ್ಲ. ರೋಗಿ ಗುಣವಾಗಿ, ಬೇರೆಯವರಿಗೆ ಹರಡುವ ಸಂಭವ ಹೋದ ಮೇಲೂ ವಾರಗಟ್ಟಲೆ 'ಪಾಸಿಟಿವ್' ಎಂದೇ ಹೇಳುತ್ತಿರಬಹುದು. ಈ ಕಾರಣದಿಂದಲೇ 2020ರ ಮೇ 8ರಂದು ಕೇಂದ್ರ ಆರೋಗ್ಯ ಸಚಿವಾಲಯವು ಲಘು ಲಕ್ಷಣಗಳ ರೋಗಿಗಳನ್ನು, ಜ್ವರ ಇಳಿದಿದ್ದರೆ, 10 ದಿನಗಳ ಬಳಿಕ ಮರುಪರೀಕ್ಷೆಯಿಲ್ಲದೆ ಮನೆಗೆ ಕಳುಹಿಸಬಹುದೆಂಬ ನಿಯಮ ಮಾಡಿತು. ಅದನ್ನು ಕೇಳಿ ಎಷ್ಟೋ ಹಳ್ಳಿಗಳಲ್ಲಿ ಜನ ಗಾಬರಿಯಾದರು. ಗಾಬರಿಗೆ ಕಾರಣವಿರಲಿಲ್ಲ.

ಕ್ಷಿಪ್ರ ಆ್ಯಂಟಿಜೆನ್ ಪರೀಕ್ಷೆ

ಪ್ರಯೋಗಾಲಯಕ್ಕೆ ಮಾದರಿ ಹೋಗಿ, ಸರದಿ ಬಂದು, ವರದಿ ಬರುವಷ್ಟರಲ್ಲಿ ಒಂದೆರಡು ದಿನಗಳು ಕಳೆಯುತ್ತಿದ್ದವು. ಅಲೆ ಏರಿದಾಗ ಇನ್ನೂ ಹೆಚ್ಚು. ಅಂಥ ಸಮಯಕ್ಕೆಂದು 2020ರ ಜೂನ್ 14ರಂದು ವೈದ್ಯಕೀಯ ಸಂಶೋಧನಾ ಮಂಡಳಿ ಕ್ಷಿಪ್ರ ಆ್ಯಂಟಿಜೆನ್ ಪರೀಕ್ಷೆಗೆ ಅನುಮತಿ ನೀಡಿತು. ಇದರಲ್ಲಿ ಬೆಳೆಸುವ ಕ್ರಿಯೆಯಿಲ್ಲ. ಕಡ್ಡಿಯ ದ್ರವವನ್ನು ಒಂದು ರಸದಲ್ಲಿ ಕದಡಿ, ಪಟ್ಟಿಯ ಮೇಲೆ ಕೆಲವು ಹನಿ ಬಿಟ್ಟರೆ, ವೈರಾಣುವಿನ ಪ್ರೋಟೀನು ಸಾಕಷ್ಟಿದ್ದಲ್ಲಿ ಗೆರೆ ಮೂಡುತ್ತದೆ. 15ರಿಂದ 30 ನಿಮಿಷಗಳಲ್ಲಿ ಫಲಿತಾಂಶ. ದೊಡ್ಡ ಯಂತ್ರ ಬೇಡ, ಪ್ರಯೋಗಾಲಯ ಬೇಡ.

ಆದರೆ 'ಸಾಕಷ್ಟಿದ್ದಲ್ಲಿ' ಎಂಬ ಶಬ್ದವನ್ನು ಓದುಗರು ಗಮನಿಸಬೇಕು. ಮಂಡಳಿಯೇ ಅಂದಿನ ಸೂಚನೆಯಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ, ಅನುಮತಿ ಪಡೆದ ಆ ಮೊದಲ ಕಿಟ್ಟು ಸೋಂಕಿತರಲ್ಲಿ ಶೇಕಡಾ 50.6ರಿಂದ 84ರಷ್ಟು ಜನರನ್ನು ಮಾತ್ರ ಗುರುತಿಸಿತು. ಸೋಂಕಿಲ್ಲದವರನ್ನು 'ಇಲ್ಲ' ಎಂದು ಹೇಳುವುದರಲ್ಲಿ ಮಾತ್ರ ಅದು ಶೇಕಡಾ 99.3ರಿಂದ 100ರಷ್ಟು ಸರಿಯಾಗಿತ್ತು. ಅಂದರೆ ಅದು 'ಇದೆ' ಎಂದರೆ ಬಹುಮಟ್ಟಿಗೆ ನಂಬಬಹುದು, 'ಇಲ್ಲ' ಎಂದರೆ ಅಷ್ಟಾಗಿ ನಂಬಲಾಗದು. ಆದುದರಿಂದಲೇ ಅದೇ ಸೂಚನೆಯಲ್ಲಿ ಒಂದು ನಿಯಮವನ್ನೂ ಸೇರಿಸಿದ್ದರು: ಜ್ವರ, ಕೆಮ್ಮು ಮುಂತಾದ ಲಕ್ಷಣಗಳಿರುವವರಿಗೆ ಈ ಪರೀಕ್ಷೆಯಲ್ಲಿ 'ನೆಗೆಟಿವ್' ಬಂದರೆ, ಆರ್‌ಟಿ-ಪಿಸಿಆರ್ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು.

ಮುನಿರಾಬಾದಿನ ಆ ಚೀಟಿ ಕ್ಷಿಪ್ರ ಪರೀಕ್ಷೆಯದು. ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಪರೀಕ್ಷೆಯ ಹೆಸರೂ ಇತ್ತು. ಎರಡನೆಯ ಪರೀಕ್ಷೆ ಬೇಕೆಂಬ ಮಾತನ್ನು ಮಾತ್ರ ಆ ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಒಂದೇ ಕಿಟ್ಟು, ಎರಡು ಅರ್ಥ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸುಲಭವಾಗಲೆಂದು, ನಮ್ಮ ಕೈಯಲ್ಲಿರುವ ಕಿಟ್ಟು 100 ಸೋಂಕಿತರಲ್ಲಿ 60 ಮಂದಿಯನ್ನು ಹಿಡಿಯುತ್ತದೆ, ಸೋಂಕಿಲ್ಲದ 100 ಮಂದಿಯಲ್ಲಿ 99 ಮಂದಿಗೆ ಸರಿಯಾಗಿ 'ಇಲ್ಲ' ಎನ್ನುತ್ತದೆ ಎಂದಿಟ್ಟುಕೊಳ್ಳೋಣ.

ಹುಲಿಗಿಯ ಹುಣ್ಣಿಮೆಗೆ ಬಂದ, ಯಾವ ಲಕ್ಷಣವೂ ಇಲ್ಲದ 1,000 ಜನರನ್ನು ಪರೀಕ್ಷಿಸಿದೆವೆನ್ನಿರಿ. ಅವರಲ್ಲಿ ವಾಸ್ತವವಾಗಿ 20 ಮಂದಿಗೆ ಸೋಂಕಿದೆ. ಕಿಟ್ಟು 12 ಮಂದಿಯನ್ನು ಹಿಡಿಯುತ್ತದೆ, 8 ಮಂದಿ ತಪ್ಪಿಸಿಕೊಳ್ಳುತ್ತಾರೆ. 'ಇಲ್ಲ' ಎಂಬ ಚೀಟಿ ಪಡೆದವರು ಸುಮಾರು 978 ಮಂದಿ. ಅವರಲ್ಲಿ ತಪ್ಪು ಚೀಟಿ 8 ಮಾತ್ರ, ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಸೋಂಕಿಲ್ಲದ 980 ಮಂದಿಯಲ್ಲಿ ಸುಮಾರು 10 ಮಂದಿಗೆ ಸುಮ್ಮನೆ 'ಇದೆ' ಎಂಬ ಚೀಟಿ ಬರುತ್ತದೆ. ಅಂದರೆ 'ಇದೆ' ಎಂಬ 22 ಚೀಟಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಪ್ಪು.

ಇನ್ನು ಅಲೆಯ ಕಾಲದಲ್ಲಿ ಜ್ವರವಿದ್ದು ಆಸ್ಪತ್ರೆಗೆ ಬಂದ 100 ಜನರನ್ನು ತೆಗೆದುಕೊಳ್ಳಿರಿ. ಅವರಲ್ಲಿ 40 ಮಂದಿಗೆ ಸೋಂಕಿದೆ. ಅದೇ ಕಿಟ್ಟು 24 ಮಂದಿಯನ್ನು ಹಿಡಿಯುತ್ತದೆ, 16 ಮಂದಿಯನ್ನು ಬಿಡುತ್ತದೆ. 'ಇಲ್ಲ' ಎಂಬ ಚೀಟಿ ಪಡೆದವರು ಸುಮಾರು 75 ಮಂದಿ, ಅವರಲ್ಲಿ 16 ಮಂದಿ ರೋಗವನ್ನು ಹೊತ್ತೇ ಮನೆಗೆ ಹೋಗುತ್ತಾರೆ. ಐದು ಚೀಟಿಗಳಲ್ಲಿ ಒಂದಕ್ಕಿಂತ ಹೆಚ್ಚು ಸುಳ್ಳು!

ಕಿಟ್ಟು ಬದಲಾಗಲಿಲ್ಲ, ಬದಲಾದದ್ದು ಪರೀಕ್ಷೆಗೆ ಒಳಗಾದವರ ಸ್ಥಿತಿ. ಜ್ವರವಿದ್ದು, ಜೊತೆಯಲ್ಲಿ ದುಡಿಯುವವರಿಗೆ ರೋಗ ತಗುಲಿದ್ದಾಗ, ಚೀಟಿ ಕೈಗೆ ಬರುವ ಮೊದಲೇ ರೋಗದ ಸಂಭವ ಬಹಳವಿರುತ್ತದೆ. ಆ ಸಂಭವವನ್ನು ದುರ್ಬಲವಾದ ಒಂದು 'ಇಲ್ಲ' ಅಳಿಸಿಹಾಕಲಾರದು. ಇದನ್ನು ತಿಳಿದವರು ಹೇಳದೆ ಹೋದರೆ, ಸಾಮಾನ್ಯ ಗೃಹಸ್ಥನಿಗೆ ತಿಳಿಯುವುದಾದರೂ ಹೇಗೆ?

ಉಳಿದ ಪರೀಕ್ಷೆಗಳು

ಈ ಎರಡರ ನಡುವೆ ನಿಲ್ಲುವ ಒಂದು ಪರೀಕ್ಷೆಯ ಬಗೆಗೆ ಕನ್ನಡಿಗರು ಹೆಮ್ಮೆ ಪಡಬಹುದು. 'ಟ್ರೂನಾಟ್' ಎಂಬ ಈ ಯಂತ್ರವನ್ನು ರೂಪಿಸಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್, ತಯಾರಿಸುವುದು ಗೋವೆಯ ಮೋಲ್‌ಬಯೋ ಸಂಸ್ಥೆ. ಕ್ಷಯರೋಗದ ಪತ್ತೆಗೆಂದು ಬಳಕೆಯಲ್ಲಿದ್ದ ಇದಕ್ಕೆ 2020ರಲ್ಲಿ ಕೋವಿಡ್ ಪರೀಕ್ಷೆಗೂ ಮಂಜೂರಾತಿ ಸಿಕ್ಕಿತು. ಇದೂ ವೈರಾಣುವಿನ ಲಿಪಿಯನ್ನೇ ಬೆಳೆಸಿ ನೋಡುತ್ತದೆ. ಆದರೆ ಆ ಕೆಲಸ ಒಂದು ಪುಟ್ಟ ಚಿಪ್ಪಿನ ಮೇಲೆ ನಡೆಯುತ್ತದೆ. ಯಂತ್ರ ಬ್ಯಾಟರಿಯಿಂದ ಓಡುತ್ತದೆ, ಸುಮಾರು ಒಂದು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಕರೆಂಟು ಹೋಗಿ ಬರುವ ತಾಲೂಕು ಆಸ್ಪತ್ರೆಗಳಿಗೆ ಇದೊಂದು ವರದಾನವಾಯಿತು. ಒಂದು ಸಲಕ್ಕೆ ಕೆಲವೇ ಮಾದರಿಗಳನ್ನು ಮಾತ್ರ ನೋಡಬಹುದೆಂಬುದು ಇದರ ಮಿತಿ.

ಇನ್ನೊಂದು ರಕ್ತದ ಪರೀಕ್ಷೆ. ಇದು ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ಸಿದ್ಧಪಡಿಸುವ ಪ್ರತಿಕಾಯಗಳನ್ನು. ಅವು ಕಾಣಿಸಿಕೊಳ್ಳಲು ಒಂದೆರಡು ವಾರಗಳು ಬೇಕು. ಹೀಗಿರಲಾಗಿ, ಇಂದು ಜ್ವರ ಬಂದವನಿಗೆ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಒಂದು ಊರಿನಲ್ಲಿ ಎಷ್ಟು ಜನರಿಗೆ ಸೋಂಕು ಬಂದುಹೋಗಿದೆ ಎಂಬ ಸಮೀಕ್ಷೆಗೆ ಅದು ಉಪಯುಕ್ತ. 2020ರ ಏಪ್ರಿಲ್‌ನಲ್ಲಿ ವಿದೇಶದಿಂದ ತರಿಸಿದ ಇಂಥ ಕಿಟ್ಟುಗಳು ಒಂದೊಂದು ಕಡೆ ಒಂದೊಂದು ಬಗೆಯ ಫಲ ಕೊಟ್ಟಾಗ, ಅವನ್ನು ಬಳಸದೆ ಹಿಂದಿರುಗಿಸುವಂತೆ ಮಂಡಳಿಯೇ ರಾಜ್ಯಗಳಿಗೆ ತಿಳಿಸಬೇಕಾಯಿತು.

2021ರ ಮೇ ತಿಂಗಳಿನಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳುವ ಆ್ಯಂಟಿಜೆನ್ ಕಿಟ್ಟಿಗೂ ಒಪ್ಪಿಗೆ ದೊರೆಯಿತು. ಇದರ ಪಟ್ಟಿಯಲ್ಲಿ 'ಸಿ' ಎಂಬಲ್ಲಿ ಗೆರೆ ಮೂಡದಿದ್ದರೆ ಆ ಪರೀಕ್ಷೆಯೇ ಕೆಟ್ಟಿತೆಂದು ತಿಳಿಯಬೇಕು. 'ಸಿ' ಮತ್ತು 'ಟಿ' ಎರಡೂ ಕಡೆ ಗೆರೆ ಕಂಡರೆ, 'ಟಿ' ಗೆರೆ ಎಷ್ಟೇ ಮಸುಕಾಗಿರಲಿ, ಸೋಂಕಿದೆ ಎಂದರ್ಥ. ಪೆಟ್ಟಿಗೆಯ ಮೇಲೆ ಬರೆದ ಸಮಯ ಮೀರಿದ ಮೇಲೆ ಮೂಡುವ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಕೋವಿಡ್‌ಗೆ ಮಾತ್ರವಲ್ಲ

ಈ ವಿಚಾರ ಮುಗಿದ ಕಥೆಯೆಂದು ಯಾರೂ ಭಾವಿಸಬಾರದು. 2009ರಲ್ಲಿ ಎಚ್1ಎನ್1 ಜ್ವರ ಬಂದಾಗಲೂ ಇದೇ ತಾರತಮ್ಯ ಕಂಡುಬಂದಿತ್ತು. ಕ್ಷಿಪ್ರ ಪರೀಕ್ಷೆಗಳು ಅನೇಕ ರೋಗಿಗಳನ್ನು ಬಿಟ್ಟುಬಿಡುತ್ತಿದ್ದವು, ಪಿಸಿಆರ್ ಹಿಡಿಯುತ್ತಿತ್ತು. 2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಎಳೆಯ ಕೂಸುಗಳಿಗೆ ಎಚ್‌ಎಂಪಿವಿ ಸೋಂಕು ಇರುವುದು ಪ್ರಕಟವಾದಾಗ, ಹೊಸದೊಂದು ಮಾರಿ ಬಂದಿತೆಂದು ಊರೂರಲ್ಲಿ ಗುಲ್ಲೆದ್ದಿತು. ಆದರೆ ಆ ವೈರಾಣು ಹೊಸದಲ್ಲ. ಹಾಲೆಂಡಿನ ವಿಜ್ಞಾನಿಗಳು ಅದನ್ನು 2001ರಲ್ಲೇ ಗುರುತಿಸಿದ್ದರು. ಒಂದೇ ಮಾದರಿಯಲ್ಲಿ ಹಲವು ವೈರಾಣುಗಳನ್ನು ಒಟ್ಟಿಗೆ ಹುಡುಕುವ ಪಿಸಿಆರ್ ಪರೀಕ್ಷೆಗಳು ಈಗ ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿರುವುದರಿಂದ, ಹಿಂದೆ 'ನೆಗಡಿ, ಕಫ' ಎಂದು ಹೋಗುತ್ತಿದ್ದುದಕ್ಕೆ ಈಗ ಹೆಸರು ಸಿಗುತ್ತಿದೆ. ಹೆಸರು ಸಿಕ್ಕಿತೆಂದು ರೋಗ ಹೊಸದಾಗಿ ಹುಟ್ಟಿತೆಂದು ತಿಳಿಯುವುದು ಸರಿಯಲ್ಲ.

ಗೃಹಸ್ಥರಿಗೆ ನಮ್ಮ ಬಿನ್ನಹ

1. ಚೀಟಿಯನ್ನು ಪಡೆದಾಗ ಮೊದಲು 'ಇದು ಯಾವ ಪರೀಕ್ಷೆ?' ಎಂದು ಕೇಳಿರಿ. ಕೇಳಲು ಸಂಕೋಚ ಬೇಡ.

2. ಜ್ವರ ಬಂದು ಎಷ್ಟನೆಯ ದಿನ ಎಂಬುದನ್ನು ಲೆಕ್ಕವಿಡಿರಿ. ಕ್ಷಿಪ್ರ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹವಾಗುವುದು ವೈರಾಣು ಹೇರಳವಾಗಿರುವ ಮೊದಲ ಐದಾರು ದಿನಗಳಲ್ಲಿ. ಮೊದಲ ದಿನವೇ ಮಾಡಿಸಿದರೆ ತಪ್ಪಿಹೋಗುವ ಸಂಭವವೂ ಉಂಟು.

3. ಲಕ್ಷಣಗಳಿದ್ದು ಕ್ಷಿಪ್ರ ಪರೀಕ್ಷೆಯಲ್ಲಿ 'ಇಲ್ಲ' ಎಂದು ಬಂದರೆ, ಆರ್‌ಟಿ-ಪಿಸಿಆರ್ ಮಾಡಿಸಿರಿ. ಅದು ಆಗದಿದ್ದರೆ ಎರಡು ದಿನ ಬಿಟ್ಟು ಕ್ಷಿಪ್ರ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡಿಸಿರಿ. ಅಲ್ಲಿಯವರೆಗೆ ಹಿರಿಯರಿಂದ, ಗರ್ಭಿಣಿಯರಿಂದ, ಹಸುಗೂಸುಗಳಿಂದ ದೂರವಿರಿ.

4. ಗುಣವಾದ ಮೇಲೆ 'ನೆಗೆಟಿವ್' ಚೀಟಿಗಾಗಿ ಮತ್ತೆ ಮತ್ತೆ ಆರ್‌ಟಿ-ಪಿಸಿಆರ್ ಮಾಡಿಸುತ್ತ ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳಬೇಡಿರಿ. ಗುಣವಾದವರನ್ನು ಹಳೆಯ ಚೀಟಿಯ ನೆಪದಿಂದ ದೂರವಿಡಲೂ ಬೇಡಿರಿ.

5. ಚೀಟಿ ಏನೇ ಹೇಳಲಿ, ಉಸಿರಾಟ ಕಷ್ಟವಾದರೆ, ಬೆರಳಿಗೆ ಹಚ್ಚುವ ಆಕ್ಸಿಮೀಟರಿನಲ್ಲಿ ಅಂಕಿ 94ಕ್ಕಿಂತ ಕೆಳಗಿಳಿದರೆ, ಆಸ್ಪತ್ರೆಗೆ ಹೋಗಲು ತಡಮಾಡಬೇಡಿರಿ.

6. ಮದುವೆ, ನಿಶ್ಚಯ, ಗುರುಪೂಜೆ, ಪ್ರಸಾದದ ಪಂಕ್ತಿ ಇವೆಲ್ಲ ಇನ್ನೊಂದು ದಿನ ಆದಾವು. ಜ್ವರವಿದ್ದವರು ಅಂದು ಮನೆಯಲ್ಲಿ ಉಳಿದರೆ ಅದು ಅಗೌರವವಲ್ಲ. ಕರೆದವರೂ ಹಾಗೆ ತಿಳಿಯಬಾರದು.

2021ರ ಮೇ ತಿಂಗಳಿನಲ್ಲಿ ಕೊಪ್ಪಳದ ಶ್ರೀ ಗವಿಮಠವು ತನ್ನ ವೃದ್ಧಾಶ್ರಮದ ಕಟ್ಟಡವನ್ನೇ ಕೋವಿಡ್ ರೋಗಿಗಳ ಆಸ್ಪತ್ರೆಗೆ ಬಿಟ್ಟುಕೊಟ್ಟುದನ್ನು ನಮ್ಮ ಭಾಗದ ಜನ ಮರೆತಿಲ್ಲ. ಎಲ್ಲರಿಗೂ ಅಷ್ಟು ದೊಡ್ಡ ದಾಸೋಹ ಸಾಧ್ಯವಾಗದು. ತಿಳಿದುದನ್ನು ತಿಳಿಯದವರಿಗೆ ಹೇಳುವುದು ಮಾತ್ರ ಎಲ್ಲರಿಗೂ ಸಾಧ್ಯ. ಪರೀಕ್ಷೆ ಮಾಡುವವರೇ, ನರ್ಸುಗಳೇ, ಆಶಾ ಕಾರ್ಯಕರ್ತೆಯರೇ, ಚೀಟಿಯನ್ನು ಕೈಗಿಡುವಾಗ ಒಂದು ಮಾತನ್ನೂ ಕೂಡಿಸಿ ಕೊಡಿರಿ ಎಂದು ನಾವು ಕೈಮುಗಿದು ಬೇಡುತ್ತೇವೆ.

ಮುನಿರಾಬಾದಿನ ಆ ಸಹೋದರರಿಗೆ ನಾವು ಇಲ್ಲಿ ಉತ್ತರ ಹೇಳಬೇಕು. ತಮ್ಮಾ, ನೀವು ಜ್ವರ ಬಂದ ದಿನವೇ ಪರೀಕ್ಷೆಗೆ ಹೋದಿರಿ. ಎಷ್ಟೋ ಜನ ಅದನ್ನೂ ಮಾಡಲಿಲ್ಲ. ಚೀಟಿಯಲ್ಲಿ ಬರೆದುದನ್ನು ನಂಬಿದಿರಿ, ಬರೆಯದೆ ಬಿಟ್ಟುದನ್ನು ಓದುವುದು ನಿಮ್ಮಿಂದ ಹೇಗೆ ಸಾಧ್ಯವಿತ್ತು? ಸೋಂಕು ಮುತ್ಯಾನವರಿಗೆ ಯಾರಿಂದ ತಗುಲಿತೆಂಬುದನ್ನೂ ಯಾವ ಪರೀಕ್ಷೆಯೂ ಹೇಳಲಿಲ್ಲ. ನಿಶ್ಚಯ ಕಾರ್ಯಕ್ಕೆ ಬಂದಿದ್ದವರು ನೀವೊಬ್ಬರೇ ಅಲ್ಲ. ಆ ಭಾರವನ್ನು ಇನ್ನು ಇಳಿಸಿರಿ. ಚೀಟಿಯನ್ನು ಮಾತ್ರ ಹರಿಯಬೇಡಿರಿ. ನೆರೆಮನೆಯಲ್ಲಿ ಯಾರಾದರೂ ಜ್ವರದಿಂದ ಮಲಗಿ, 'ಟೆಸ್ಟ್ ಮಾಡಿಸಿದ್ದೇವೆ, ಏನೂ ಇಲ್ಲವಂತೆ' ಎಂದರೆ, ಅದನ್ನು ತೆಗೆದು ತೋರಿಸಿರಿ.